ನಾರಾಯಣಖೇಡಕ್ಕೆ ಬಾರದ ರೈಲು

ನಿಮ್ಮ ಮನೆಯಲ್ಲಿ ರೈಲ್ವೆ ನಕ್ಷೆಯೊಂದಿದ್ದರೆ ದಯವಿಟ್ಟು ಅದನ್ನೊಮ್ಮೆ ಮೇಜಿನ ಮೇಲೆ ಬಿಡಿಸಿ. ಮಕ್ಕಳನ್ನೂ ಪಕ್ಕಕ್ಕೆ ಕರೆಯಿರಿ. ಈಗ ಸಿಕಂದರಾಬಾದಿನ ಮೇಲೆ ಬೆರಳಿಡಿ. ಅಲ್ಲಿಂದ ಪಶ್ಚಿಮಕ್ಕೆ ವಿಕಾರಾಬಾದಿಗೆ ಬನ್ನಿ. ವಿಕಾರಾಬಾದಿನಲ್ಲಿ ಹಳಿ ಎರಡಾಗುತ್ತದೆ. ಒಂದು ನೇರವಾಗಿ ತಾಂಡೂರು, ಸೇಡಂ, ಚಿತ್ತಾಪುರದ ಮೇಲೆ ನಮ್ಮ ವಾಡಿಗೆ ಬರುತ್ತದೆ. ಇನ್ನೊಂದು ಬಲಕ್ಕೆ ಹೊರಳಿ ಜಹೀರಾಬಾದ್, ಬೀದರ್, ಭಾಲ್ಕಿ, ಉದಗೀರ್ ದಾಟಿ ಪರಳಿಗೆ ಹೋಗುತ್ತದೆ. ಪರಳಿಯಿಂದ ಪರಭಣಿ, ನಾಂದೇಡ್, ನಿಜಾಮಾಬಾದ್ ಮಾರ್ಗವಾಗಿ ಬೆರಳು ಸರಿಸಿದರೆ ಮತ್ತೆ ಸಿಕಂದರಾಬಾದಿಗೇ ಬಂದು ನಿಲ್ಲುತ್ತೀರಿ. ದೊಡ್ಡದೊಂದು ಬಳೆಯ ಹಾಗೆ ಹಳಿ ಸುತ್ತಿಕೊಂಡಿದೆ.

ಈಗ ಆ ಬಳೆಯ ಒಳಗೆ ನೋಡಿ. ನಾರಾಯಣಖೇಡ್, ಔರಾದ್, ದೇಗಲೂರು, ಜುಕ್ಕಲ್, ಬಾನ್ಸವಾಡ... ಒಂದಕ್ಕೂ ರೈಲಿಲ್ಲ. ಸುತ್ತಲೂ ಗಾಡಿ ಓಡುತ್ತಿದೆ, ನಡುವೆ ಸಿಳ್ಳಿನ ಸದ್ದಿಲ್ಲ. ಇದು ಹೇಗಾಯಿತು? ಯಾರು ಹೀಗೆ ಗೆರೆ ಎಳೆದರು? ಎಳೆಯಬೇಕೆಂದು ಹೊರಟು ಎಳೆಯದೆ ಬಿಟ್ಟ ಗೆರೆಗಳು ಎಷ್ಟು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದರೆ ನಾವು ಒಂದೂವರೆ ಶತಮಾನ ಹಿಂದಕ್ಕೆ, ರಾಣಿ ವಿಕ್ಟೋರಿಯಾಳ ಕಾಲಕ್ಕೆ ಹೋಗಬೇಕಾಗುತ್ತದೆ.

ಚಹಾ ಅಂಗಡಿಯ ಮಾತು

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂರು ಕುಟುಂಬದವರು ಕೂಡಿ ಈ ಕಡೆ ಹೋಗಿದ್ದೆವು. ತಾಂಡೂರಿನವರೆಗೆ ರೈಲು. ಅಲ್ಲಿಂದ ಬಸ್ಸು ಹಿಡಿದು ಜಹೀರಾಬಾದ್. ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ನಾರಾಯಣಖೇಡ್. ಬಸ್ಸಿನಲ್ಲಿ ಒಂದು ಸಾಲಿನಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ, ಹಿಂದಿನ ಸೀಟಿನಲ್ಲಿ ದಖ್ಖನಿ ಉರ್ದು, ನಡುವೆ ಮರಾಠಿ ಮಾತಾಡುವ ಒಬ್ಬ ಅಜ್ಜಿ! ಕಂಡಕ್ಟರ್ ಮಾತ್ರ ಎಲ್ಲರಿಗೂ ಅವರವರ ಭಾಷೆಯಲ್ಲೇ ಚಿಲ್ಲರೆ ಕೇಳುತ್ತಿದ್ದ.

ನಾರಾಯಣಖೇಡದಲ್ಲಿ ಚಹಾ ಕುಡಿಯಲು ನಿಂತಾಗ ನಮ್ಮ ಜೊತೆಗಿದ್ದ ಹುಡುಗನೊಬ್ಬ ಅಂಗಡಿಯ ಹಿರಿಯರನ್ನು ತಿಳಿಯದೆ ಕೇಳಿಬಿಟ್ಟ: "ಕಾಕಾ, ರೈಲ್ ಸ್ಟೇಷನ್ ಎಲ್ಲಿ ಅದ?" ಅವರು ಗಂಗಾಳದಲ್ಲಿ ಕಪ್ಪು ತೊಳೆಯುವುದನ್ನು ನಿಲ್ಲಿಸಿ ನಕ್ಕರು. "ಸ್ಟೇಷನ್ ಏನ್ ಬಂತಪಾ. ನಮ್ಮಪ್ಪ ಸಣ್ಣಾವ ಇದ್ದಾಗಿಂದ ಬರ್ತದ, ಬರ್ತದ ಅಂತಾರ. ಅಳತಿ ಮಾಡವ್ರು ಬರ್ತಾರ, ಬರ್ಕೊಂಡು ಹೋಗ್ತಾರ. ರೈಲ್ ಒಂದ್ ಬರಂಗಿಲ್ಲ ನೋಡು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ದಾರಿಯುದ್ದಕ್ಕೂ ಅದು ನಮ್ಮ ಕಿವಿಯಲ್ಲಿ ಉಳಿಯಿತು. ಈ ಲೇಖನ ಹುಟ್ಟಿದ್ದೇ ಆ ಚಹಾ ಅಂಗಡಿಯಲ್ಲಿ.

ಒಂದೇ ಮನೆಯ ಮೂರು ಮಕ್ಕಳು

ತಾಂಡೂರು, ಜಹೀರಾಬಾದ್, ನಾರಾಯಣಖೇಡ್ ಈಗ ತೆಲಂಗಾಣದಲ್ಲಿವೆ. ತಾಂಡೂರು ವಿಕಾರಾಬಾದ್ ಜಿಲ್ಲೆಗೆ, ಉಳಿದೆರಡು ಸಂಗಾರೆಡ್ಡಿ ಜಿಲ್ಲೆಗೆ ಸೇರಿವೆ. ಆದರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರದ ಒಂದು ಸಂಗತಿಯುಂದೆ ಇದೆ: 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಯಲ್ಲಿತ್ತು, ಜಹೀರಾಬಾದ್ ಮತ್ತು ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗದಿಂದ ಕೊಡಂಗಲ್ ಮತ್ತು ತಾಂಡೂರು, ಬೀದರಿನಿಂದ ನಾರಾಯಣಖೇಡ್, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಹಾಗೂ ನ್ಯಾಲಕಲ್ ವೃತ್ತ ಆಂಧ್ರ ಪ್ರದೇಶಕ್ಕೆ ಹೋದವು. ಅಣ್ಣತಮ್ಮಂದಿರು ಪಾಲಾದಂತೆ ಊರುಗಳೂ ಪಾಲಾದವು. ಬೀಗತನ ಮಾತ್ರ ಕಡಿಯಲಿಲ್ಲ. ಇವತ್ತಿಗೂ ಝರಾಸಂಗಮದ ಜಾತ್ರೆಗೆ ಬೀದರಿನವರು ಹೋಗುತ್ತಾರೆ, ಬೀದರಿನ ದವಾಖಾನೆಗೆ ನಾರಾಯಣಖೇಡದವರು ಬರುತ್ತಾರೆ.

ಒಂದೇ ಮನೆಯ ಈ ಮೂವರ ಪೈಕಿ ತಾಂಡೂರಿಗೆ ರೈಲು ಬಂದದ್ದು 1874ರಲ್ಲಿ. ಜಹೀರಾಬಾದಿಗೆ ಬಂದದ್ದು 1930ರ ಸುಮಾರಿಗೆ. ನಾರಾಯಣಖೇಡಕ್ಕೆ ಇನ್ನೂ ಬಂದಿಲ್ಲ.

ರೈಲಿನ ಹುಚ್ಚು

ರೈಲು ಎಂಬುದು ಹೊಸದಾಗಿ ಬಂದ ಕಾಲದಲ್ಲಿ ಅದರ ಹುಚ್ಚು ಎಷ್ಟಿತ್ತೆಂಬುದನ್ನು ಈಗ ಊಹಿಸುವುದೂ ಕಷ್ಟ. ಇಂಗ್ಲೆಂಡಿನಲ್ಲಿ 1840ರ ದಶಕದಲ್ಲಿ ಪಾದ್ರಿಗಳು, ವಿಧವೆಯರು, ಸಣ್ಣ ವ್ಯಾಪಾರಿಗಳೂ ಕೈಯಲ್ಲಿದ್ದ ಹಣವನ್ನೆಲ್ಲ ರೈಲು ಕಂಪನಿಗಳಿಗೆ ಸುರಿದರು. 1846ರ ಒಂದೇ ವರ್ಷದಲ್ಲಿ ಅಲ್ಲಿನ ಪಾರ್ಲಿಮೆಂಟು ಹೊಸ ರೈಲುಗಳಿಗಾಗಿ 272 ಕಾಯಿದೆಗಳನ್ನು ಪಾಸು ಮಾಡಿತು! ಆಮೇಲೆ ಗುಳ್ಳೆ ಒಡೆಯಿತು. ಆ ಕಾಲದಲ್ಲಿ ಅನುಮತಿ ಪಡೆದ ಮಾರ್ಗಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಕಾಗದದ ಮೇಲೆಯೇ ಉಳಿಯಿತು. ಅನೇಕ ಕುಟುಂಬಗಳು ಬೀದಿಗೆ ಬಿದ್ದವು.

ಪೆಟ್ಟು ತಿಂದ ಇಂಗ್ಲೆಂಡಿನ ಹಣವಂತರು ಭಾರತದಲ್ಲಿ ರೈಲು ಹಾಕಲು ಬರುವಾಗ ಎಚ್ಚರವಹಿಸಿದರು. ಅವರಿಗೆ ಖಾತ್ರಿ ಬೇಕಾಗಿತ್ತು. 1849ರಲ್ಲಿ ಆದ ಒಪ್ಪಂದಗಳ ಪ್ರಕಾರ ಕಂಪನಿಗಳ ಬಂಡವಾಳಕ್ಕೆ ನೂರಕ್ಕೆ ಐದರಂತೆ ಬಡ್ಡಿಯ ಖಾತ್ರಿ ಸಿಕ್ಕಿತು. ಇದನ್ನು ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: ಬೇರೆಯವನೊಬ್ಬ ನಮ್ಮ ಊರಿನಲ್ಲಿ ಅಂಗಡಿ ಇಡುತ್ತಾನೆ. ಲಾಭ ಬಂದರೆ ಅವನಿಗೆ. ನಷ್ಟವಾದರೂ ಅವನಿಗೆ ನೂರಕ್ಕೆ ಐದು ಸಿಗಲೇಬೇಕು, ಕಡಿಮೆ ಬಿದ್ದದ್ದನ್ನು ಊರಿನವರು ಪಟ್ಟಿ ಎತ್ತಿ ತುಂಬಿಕೊಡಬೇಕು. ಊರಿನವರೆಂದರೆ ಯಾರು? ಕಂದಾಯ ಕಟ್ಟುವ ರೈತ, ಉಪ್ಪಿನ ಮೇಲೆ ತೆರಿಗೆ ಕೊಡುವ ಕೂಲಿಕಾರ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಮುಂಬಯಿಯಿಂದ ಹೊರಟ ಹಳಿ ಪುಣೆ, ಸೊಲ್ಲಾಪುರ ದಾಟಿ ನಮ್ಮ ಗುಲ್ಬರ್ಗ, ಶಹಾಬಾದ್, ವಾಡಿಯ ಮೇಲೆ ರಾಯಚೂರಿಗೆ ಬಂದು 1871ರಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಮುಂಬಯಿ-ಮದ್ರಾಸು ಒಂದಾದವು. ಆದರೆ ಈ ಮಾರ್ಗ ಹೈದರಾಬಾದ್ ನಗರವನ್ನು ಮುಟ್ಟದೆ ಪಕ್ಕದಿಂದ ಹಾದುಹೋಯಿತು.

ಹಣ ನಿಜಾಮರದು, ನಕ್ಷೆ ಬೇರೆಯವರದು

ಹೈದರಾಬಾದಿನ ಪಕ್ಕದಲ್ಲೇ ಸಿಕಂದರಾಬಾದ್, ಬೊಲಾರಂ ಎಂಬ ದೊಡ್ಡ ದಂಡಿನ ಠಾಣ್ಯಗಳಿದ್ದವು. 1857ರ ದಂಗೆಯನ್ನು ಕಂಡ ಬ್ರಿಟಿಷರಿಗೆ ಸೈನ್ಯವನ್ನು ಬೇಗ ಸಾಗಿಸುವ ದಾರಿ ಬೇಕಾಗಿತ್ತು. ಆಗ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಇನ್ನೂ ಎಳೆಯ ಮಗು. ರಾಜ್ಯಭಾರ ನೋಡುತ್ತಿದ್ದವರು ದಿವಾನ ಸಾಲಾರ್ ಜಂಗ್. 1870ರಲ್ಲಿ ಒಪ್ಪಂದವಾಗಿ, ವಾಡಿಯಿಂದ ಹೈದರಾಬಾದ್-ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರ್ ಉದ್ದದ ಮಾರ್ಗ 1874ರ ಅಕ್ಟೋಬರಿನಲ್ಲಿ ತೆರೆಯಿತು. ಖರ್ಚು ನಿಜಾಮ್ ಸರಕಾರದ್ದು. ಗೇಜು ಯಾವುದು, ಹಳಿ ಎಲ್ಲಿ ಎಂಬ ತೀರ್ಮಾನದಲ್ಲಿ ಬ್ರಿಟಿಷರ ಮಾತೇ ಮೇಲು. ಮದುವೆಯ ಖರ್ಚು ಒಬ್ಬರದು, ಕರೆಯೋಲೆಯ ಪಟ್ಟಿ ಇನ್ನೊಬ್ಬರದು ಎಂಬಂತಾಯಿತು.

ಆ ಹಳಿ ತಾಂಡೂರಿನ ಮೇಲೆ ಏಕೆ ಹೋಯಿತು? ನೆಲ ನೋಡಿದರೆ ಅರ್ಥವಾಗುತ್ತದೆ. ಅನಂತಗಿರಿ ಗುಡ್ಡದ ಕಡೆಯಿಂದ ಇಳಿದು ಬರುವ ಕಾಗಿಣಾ ನದಿ ತಾಂಡೂರು, ಸೇಡಂ, ಮಳಖೇಡದ ಬಳಿ ಹರಿದು ಭೀಮೆಯನ್ನು ಸೇರುತ್ತದೆ. ಉಗಿಬಂಡಿಗೆ ಏರು ಕಷ್ಟ. ನದಿ ಹರಿದ ನೆಲ ಮೆಲ್ಲಗೆ ಏರುತ್ತದೆ, ಇಂಜಿನ್ನಿಗೆ ನೀರೂ ಹತ್ತಿರ. ಅದಕ್ಕೇ ಆ ಕಾಲದ ಇಂಜಿನಿಯರುಗಳು ನದಿಯ ಬದಿಯನ್ನು ಹಿಡಿದು ಮೇಲೇರಿದರು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರ್ ಎತ್ತರದ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಮೇಲಿತ್ತು. ಅದು ಹೊರಗೆ ಉಳಿಯಿತು.

ರೈಲು ಬಂದದ್ದರಿಂದ ತಾಂಡೂರಿಗೆ ಏನಾಯಿತು ಎಂಬುದನ್ನು ನಮ್ಮ ಕಾಲ ಕೆಳಗಿನ ನೆಲವೇ ಹೇಳುತ್ತದೆ. ನಮ್ಮ ಎಷ್ಟೋ ಮನೆಗಳಿಗೆ, ಶಾಲೆಗಳಿಗೆ ಹಾಸಿದ ಫರ್ಸಿ ಕಲ್ಲು ಶಹಾಬಾದಿನದು ಇಲ್ಲವೇ ತಾಂಡೂರಿನದು. ಕಲ್ಲು ಭಾರದ ಸರಕು. ಎತ್ತಿನ ಗಾಡಿಯಲ್ಲಿ ಅದು ಪಕ್ಕದ ಊರಿಗೆ ಹೋಗುವುದೇ ದೊಡ್ಡದು; ರೈಲು ಸಿಕ್ಕರೆ ದೇಶವೆಲ್ಲ ತಿರುಗುತ್ತದೆ. 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಾಂಡೂರಿನ ತೊಗರಿಗೂ ಹಳೆಯ ಪೇಟೆ ಕಟ್ಟಿಕೊಟ್ಟದ್ದರಲ್ಲಿ ರೈಲಿನ ಪಾಲಿದೆ. ರೈಲಿನ ಹಿಂದೆಯೇ ಕಾಲೊನಿಗಳು ಬಂದವು. ಗಾರ್ಡು, ಡ್ರೈವರು, ಫಿಟ್ಟರು ಎಂದು ದೂರದೂರಿನಿಂದ ಬಂದ ಕುಟುಂಬಗಳು ಜಂಕ್ಷನ್ನುಗಳಲ್ಲಿ ನೆಲೆ ನಿಂತವು. ದಕ್ಷಿಣ ಭಾರತದ ಎಷ್ಟೋ ಊರುಗಳಲ್ಲಿ ಚರ್ಚಿನ ಮೊದಲ ಕುಟುಂಬಗಳು ಹೀಗೆ ರೈಲ್ವೆ ಕ್ವಾರ್ಟರ್ಸಿನಿಂದಲೇ ಬಂದವರು ಎಂಬುದು ನಮ್ಮ ಹಿರಿಯರಿಗೆ ಗೊತ್ತು.

ಲೆಕ್ಕ ಕೇಳಿದ್ದಕ್ಕೆ ಗಡೀಪಾರು

ಮೊದಲ ಹಳಿಯ ನಂತರ ಹೈದರಾಬಾದಿನಲ್ಲಿ ಇನ್ನಷ್ಟು ಹಳಿಗಳ ಯೋಜನೆಗಳು ಎದ್ದವು. ಅವುಗಳಲ್ಲಿ ಬಹಳ ಸದ್ದು ಮಾಡಿದ್ದು ಚಾಂದಾ ರೈಲು. ಚಾಂದಾ ಎಂದರೆ ಇಂದಿನ ಮಹಾರಾಷ್ಟ್ರದ ಚಂದ್ರಾಪುರ, ಕಲ್ಲಿದ್ದಲಿನ ನಾಡು. ಹೈದರಾಬಾದಿನಿಂದ ವಾರಂಗಲ್ಲಿಗೆ, ಅಲ್ಲಿಂದ ಒಂದು ಕವಲು ಬೆಜವಾಡಕ್ಕೆ, ಇನ್ನೊಂದು ಕವಲು ಚಾಂದಾಕ್ಕೆ ಎಂಬುದು ಯೋಜನೆ. ಲಂಡನ್ನಿನಲ್ಲಿ ಕಂಪನಿ, ಹೈದರಾಬಾದಿನ ಬೊಕ್ಕಸದಿಂದ ಬಡ್ಡಿಯ ಖಾತ್ರಿ.

1883ರಲ್ಲಿ ಹೈದರಾಬಾದಿನ ಕೆಲವು ವಿದ್ಯಾವಂತರು ಒಂದು ಸರಳ ಪ್ರಶ್ನೆ ಎತ್ತಿದರು. ಷರತ್ತುಗಳೇನು? ಹಣ ಎಷ್ಟು? ಜನರಿಗೆ ತಿಳಿಸಿ, ಯೋಚಿಸಲು ಸಮಯ ಕೊಡಿ ಎಂದರು. ಮುಂದೆ ನಿಂತವರಲ್ಲಿ ಡಾ. ಅಘೋರನಾಥ ಚಟ್ಟೋಪಾಧ್ಯಾಯ ಮತ್ತು ಮುಲ್ಲಾ ಅಬ್ದುಲ್ ಖಯ್ಯೂಮ್ ಇದ್ದರು. ಅಘೋರನಾಥರು ಬಂಗಾಳದಿಂದ ಬಂದು ಹೈದರಾಬಾದಿನಲ್ಲಿ ಆಧುನಿಕ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಮೇಷ್ಟ್ರು. ಲೆಕ್ಕ ಕೇಳಿದ ತಪ್ಪಿಗೆ ಅವರನ್ನು ಕೆಲಸದಿಂದ ತೆಗೆದು ರಾಜ್ಯದಿಂದಲೇ ಹೊರಗೆ ಕಳಿಸಿದರು! ಆಗ ಅವರ ಮಗಳಿಗೆ ನಾಲ್ಕು ವರ್ಷ. ಆ ಮಗುವೇ ಮುಂದೆ ದೇಶವೆಲ್ಲ ಹೆಸರಾದ ಸರೋಜಿನಿ ನಾಯ್ಡು. ಅಘೋರನಾಥರು ಆಮೇಲೆ ಮರಳಿ ಬಂದು ಪಾಠ ಹೇಳುವ ಕೆಲಸವನ್ನೇ ಮುಂದುವರಿಸಿದರು. ಹೈದರಾಬಾದಿನ ಇತಿಹಾಸ ಬರೆದವರು ಈ ಘಟನೆಯನ್ನು ಆ ರಾಜ್ಯದ ಮೊದಲ ಸಾರ್ವಜನಿಕ ಚಳವಳಿಗಳಲ್ಲಿ ಒಂದೆಂದು ಎಣಿಸುತ್ತಾರೆ.

ಕಂಪನಿ ಅದೇ ವರ್ಷ ಹುಟ್ಟಿತು. ಅದರ ಹೆಸರಿನಲ್ಲೇ ಖಾತ್ರಿಯ ಮಾತಿತ್ತು: ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಹಳಿ ವಾರಂಗಲ್ಲಿಗೆ ಹೋಯಿತು, 1889ರಲ್ಲಿ ಬೆಜವಾಡವನ್ನೂ ಮುಟ್ಟಿತು. ಆದರೆ ಯಾವ ಕವಲಿಗಾಗಿ ಅಷ್ಟು ಗದ್ದಲವಾಯಿತೋ ಆ ಚಾಂದಾ ಕವಲು ವಿಕ್ಟೋರಿಯಾಳ ಕಾಲದಲ್ಲಿ ಆಗಲೇ ಇಲ್ಲ. ಕಾಜಿಪೇಟೆಯಿಂದ ಬಲ್ಲಾರಶಾಗೆ ಹಳಿ ಪೂರ್ತಿಯಾಗಿ ದಿಲ್ಲಿ-ಮದ್ರಾಸ್ ನೇರವಾಗಿ ಕೂಡಿದ್ದು 1929ರಲ್ಲಿ. ರಾಣಿ ತೀರಿಕೊಂಡು ಅಷ್ಟರಲ್ಲಿ 28 ವರ್ಷಗಳಾಗಿದ್ದವು.

ಕಾರವಾರದ ಕಥೆ

ಇಂಥ ಕಥೆ ಹೈದರಾಬಾದಿಗೆ ಮಾತ್ರ ಸೇರಿದ್ದೇನಲ್ಲ. ನಮ್ಮ ಕನ್ನಡ ನಾಡಿನಲ್ಲೇ ಇದಕ್ಕಿಂತ ದೊಡ್ಡದೊಂದು ಇದೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಕಂಗಾಲಾದವು. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೆ ಏರಿಸಲು ಹತ್ತಿರದ ಒಳ್ಳೆಯ ಬಂದರು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಾಯವಿತ್ತು. ಘಟ್ಟದಲ್ಲಿ ರಸ್ತೆಗಳಾದವು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂಬ ಯೋಜನೆ 1870ರ ದಶಕದಲ್ಲಿ ಜೋರಾಗಿ ಓಡಾಡಿತು.

ಅಷ್ಟರಲ್ಲಿ ಎರಡು ಸಂಗತಿಗಳು ನಡೆದವು. ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬಂತು, ಮ್ಯಾಂಚೆಸ್ಟರಿನ ಉತ್ಸಾಹ ಇಳಿಯಿತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಬಂದರು ಮತ್ತು ರೈಲು ಎರಡಕ್ಕೂ ಗೋವೆಯ ಮೊರ್ಮುಗೋವಾ ಗೊತ್ತಾಯಿತು. 1888ರ ಹೊತ್ತಿಗೆ ಹಳಿ ದೂಧಸಾಗರದ ಘಟ್ಟ ಹತ್ತಿ ಕ್ಯಾಸಲ್ ರಾಕ್, ಲೋಂಡಾದ ಮೇಲೆ ಹುಬ್ಬಳ್ಳಿಯ ಕಡೆ ಕೂಡಿಕೊಂಡಿತು. ಕಾರವಾರದ ರೈಲು ಕಾಗದದಲ್ಲೇ ನಿಂತಿತು.

2024ರ ನವೆಂಬರಿನಿಂದ 2025ರ ಜನವರಿಯವರೆಗೆ ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಉತ್ತರ ಕರ್ನಾಟಕದಿಂದ ರೈಲಿನಲ್ಲಿ ಹೋದವರೆಲ್ಲ ಆ ಘಟ್ಟವನ್ನು ಕಂಡಿರುತ್ತೀರಿ. ಕಿಟಕಿಯಿಂದ ಹಾಲಿನಂಥ ಜಲಪಾತ ತೋರಿಸಿ ಮಕ್ಕಳನ್ನು ಎಬ್ಬಿಸಿರುತ್ತೀರಿ. ನೀವು ಕೂತದ್ದು ಕಾರವಾರವನ್ನು ಸೋಲಿಸಿ ಗೆದ್ದ ಹಳಿಯ ಮೇಲೆ!

ಕಾರವಾರಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಾದಾಗ. ಅದೂ ಕರಾವಳಿಯ ಉದ್ದಕ್ಕೆ. ಹುಬ್ಬಳ್ಳಿಗೆ ಹೋಗುವ ಹಳಿ ಇಂದಿಗೂ ಇಲ್ಲ. ಹುಬ್ಬಳ್ಳಿ-ಅಂಕೋಲಾ ಎಂಬ ಹೆಸರಿನಲ್ಲಿ 1990ರ ದಶಕದ ಕೊನೆಗೆ ಮಂಜೂರಾದ ಸುಮಾರು 164 ಕಿಲೋಮೀಟರ್ ಮಾರ್ಗ, ಪಶ್ಚಿಮ ಘಟ್ಟದ ದಟ್ಟ ಕಾಡಿನ ಪ್ರಶ್ನೆಯಿಂದಾಗಿ ಕೋರ್ಟು, ಸಮಿತಿಗಳ ನಡುವೆ ಸಿಕ್ಕಿಕೊಂಡಿದೆ. ಬಂದರಿಗೂ ಬಯಲಿಗೂ ಹಳಿ ಬೇಕೆನ್ನುವವರ ಮಾತಿನಲ್ಲಿ ಅರ್ಥವಿದೆ. ಲಕ್ಷಾಂತರ ಮರ ಉರುಳಿಸಿದರೆ ನಮ್ಮ ನದಿಗಳ ಗತಿಯೇನು ಎನ್ನುವವರ ಮಾತಿನಲ್ಲೂ ಅರ್ಥವಿದೆ. ಆಗದೆ ಉಳಿದ ಹಳಿಯೆಲ್ಲ ನಷ್ಟವೆಂದು ಹೇಳಿಬಿಡುವುದು ಸುಲಭವಲ್ಲ ಎಂಬುದನ್ನು ಕಾರವಾರ ಕಲಿಸುತ್ತದೆ.

ಯಾವ ಹಳಿ ಆಗುತ್ತಿತ್ತು, ಯಾವುದು ಆಗುತ್ತಿರಲಿಲ್ಲ?

ವಿಕ್ಟೋರಿಯಾಳ ಕಾಲದ ಈ ಕಥೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಹಳಿಗೆ ಮೂರು ಕಾರಣ ಬೇಕಿತ್ತು: ದಂಡು ಸಾಗಿಸುವುದು, ಹತ್ತಿ-ಕಲ್ಲಿದ್ದಲಿನಂಥ ಸರಕು ಸಾಗಿಸುವುದು, ಹಣ ಹಾಕಿದವನಿಗೆ ಬಡ್ಡಿ. ನಾಲ್ಕನೆಯ ಕಾರಣ ಬಂದದ್ದು ತಡವಾಗಿ, ಕಣ್ಣೀರಿನ ಮೂಲಕ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಬಳ್ಳಾರಿ, ಧಾರವಾಡ, ಬಿಜಾಪುರ, ರಾಯಚೂರಿನ ಕಡೆ ಹಳ್ಳಿ ಹಳ್ಳಿಗಳೇ ಖಾಲಿಯಾದವು. ಕಾಳು ಒಂದು ಕಡೆ ಇತ್ತು, ಹಸಿವು ಇನ್ನೊಂದು ಕಡೆ. ಅದರ ನಂತರವೇ ಬರಗಾಲದ ರಕ್ಷಣೆಗೆಂದು ಹಳಿ ಹಾಕಬೇಕೆಂಬ ಮಾತು ಬಲವಾಯಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹೋಟಗಿಯಿಂದ ಬಿಜಾಪುರ, ಬಾಗಲಕೋಟೆಯ ಮೇಲೆ ಗದಗಕ್ಕೆ ಹಾಕಿದ ಹಳಿ ಹಾಗೆ ಬಂದದ್ದು. ಆದರೆ ಹಳಿ ಬಂದ ಮಾತ್ರಕ್ಕೆ ಹಸಿವು ಹೋಗಲಿಲ್ಲ. ಹಳಿ ಕಾಳನ್ನು ತರಬಲ್ಲದು, ಕೊಳ್ಳುವ ಹಣವನ್ನು ತರಲಾರದು. ಬೆಲೆ ಹೆಚ್ಚು ಸಿಕ್ಕ ಕಡೆಗೆ ಕಾಳನ್ನು ಹೊರಗೆ ಒಯ್ಯುವುದೂ ಅದೇ ಹಳಿಯೇ.

ಈಗ ನಾರಾಯಣಖೇಡವನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿ. ದಂಡಿನ ಠಾಣ್ಯವಿಲ್ಲ. ಕಲ್ಲಿದ್ದಲಿಲ್ಲ. ಜೋಳ, ತೊಗರಿ, ಹೆಸರು ಬೆಳೆಯುವ ಮಳೆ ನಂಬಿದ ನೆಲ. ಮೇಲಾಗಿ ಮಾಂಜ್ರಾ ನದಿ ಬೀದರಿನ ಕಡೆಯಿಂದ ಬಂದು ಪೂರ್ವಕ್ಕೆ ಹರಿದು, ಸಂಗಾರೆಡ್ಡಿಯ ಕಡೆ ಹೊರಳಿ, ಮತ್ತೆ ಉತ್ತರಕ್ಕೆ ತಿರುಗಿ ನಿಜಾಮ್‌ಸಾಗರವನ್ನು ಸೇರುತ್ತದೆ. ಆ ತಿರುವಿನ ಒಳಗೆ ನಾರಾಯಣಖೇಡವಿದೆ. ದಕ್ಷಿಣದಿಂದ ಬಂದರೂ ಪೂರ್ವದಿಂದ ಬಂದರೂ ನದಿಗೆ ಸೇತುವೆ ಕಟ್ಟಲೇಬೇಕು. ಬಡ್ಡಿಯ ಲೆಕ್ಕ ಹಾಕುವವನ ಕಣ್ಣಿಗೆ ಆ ಊರು ಬೀಳುವ ಮಾತೇ ಇರಲಿಲ್ಲ.

1900ರ ಆಸುಪಾಸಿನಲ್ಲಿ ಸಿಕಂದರಾಬಾದಿನಿಂದ ನಿಜಾಮಾಬಾದ್, ನಾಂದೇಡ್, ಔರಂಗಾಬಾದ್ ಮಾರ್ಗವಾಗಿ ಮನಮಾಡಕ್ಕೆ ಮೀಟರ್ ಗೇಜ್ ಹಳಿ ಬಂತು. ಬಳೆಯ ಪೂರ್ವದ ಅರ್ಧ ಆಯಿತು. 1930ರ ಸುಮಾರಿಗೆ ವಿಕಾರಾಬಾದಿನಿಂದ ಕೊಹೀರ್, ಜಹೀರಾಬಾದ್ ಮೇಲೆ ಬೀದರಿಗೆ ಹಳಿ ಬಂದು, ಮುಂದೆ ಪರಳಿಗೂ ಹೋಯಿತು. ಬಳೆಯ ಪಶ್ಚಿಮದ ಅರ್ಧವೂ ಆಯಿತು. ನಿಜಾಮ್ ಸರಕಾರ ಕಂಪನಿಯಿಂದ ರೈಲನ್ನು ತನ್ನ ಕೈಗೆ ತೆಗೆದುಕೊಂಡದ್ದೂ ಅದೇ 1930ರಲ್ಲಿ. ಬೋಧನ್‌ನಲ್ಲಿ ಸಕ್ಕರೆ ಕಾರ್ಖಾನೆಯಾದಾಗ ಅಲ್ಲಿಗೆ ಒಂದು ಸಣ್ಣ ಕವಲು ಹೋಯಿತು. ಸಕ್ಕರೆ ಇದ್ದಲ್ಲಿಗೆ ಹಳಿ ಹೋಯಿತು, ನಡುವಿನ ಊರುಗಳು ನಡುವೆಯೇ ಉಳಿದವು.

ಕಾದು ಪಡೆದವರು

ಕಾಯುವಿಕೆ ಫಲಿಸಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಬೀದರ್ ಮತ್ತು ಕಲಬುರಗಿ ಅಕ್ಕಪಕ್ಕದ ಜಿಲ್ಲೆಗಳು. ಆದರೂ ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಹೋಗಬೇಕಾದರೆ ವಿಕಾರಾಬಾದ್, ತಾಂಡೂರು, ವಾಡಿ ಸುತ್ತಬೇಕಿತ್ತು. ಮೂಗನ್ನು ಕೈ ಸುತ್ತಿಸಿ ಹಿಡಿದ ಹಾಗೆ! ನೇರ ಹಳಿಗೆ 1990ರ ದಶಕದ ಕೊನೆಗೆ ಮಂಜೂರಾತಿ ಸಿಕ್ಕಿತು. ಹಣ ಬಂದಷ್ಟು ಕೆಲಸ, ನಿಂತಷ್ಟು ವರ್ಷ. ಮರಗುತ್ತಿಯ ಬಳಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಬೇಕಾಯಿತು. ಕೊನೆಗೆ 2017ರ ಅಕ್ಟೋಬರ್ 29ರಂದು ಸುಮಾರು 110 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ತೆರೆಯಿತು. ಹುಮನಾಬಾದ್, ಕಮಲಾಪುರದ ಮಕ್ಕಳು ತಮ್ಮೂರಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದರು.

ನಾರಾಯಣಖೇಡದ ಸುತ್ತಲೂ ಇಂಥ ಎರಡು ಆಸೆಗಳಿವೆ. ಒಂದು, ಬೋಧನ್‌ನಿಂದ ಬಾನ್ಸವಾಡ, ಪಿಟ್ಲಂ, ನಾರಾಯಣಖೇಡದ ಮೇಲೆ ಬೀದರಿಗೆ ಹಳಿ ಬೇಕೆಂಬ ಬಹಳ ಹಳೆಯ ಬೇಡಿಕೆ. ಇನ್ನೊಂದು, ಬೀದರಿನಿಂದ ಔರಾದ್, ದೇಗಲೂರಿನ ಮೇಲೆ ನಾಂದೇಡಿಗೆ ಹಳಿ ಹಾಕುವ ಯೋಜನೆ. ಎರಡನೆಯದು ನಾರಾಯಣಖೇಡದ ಪಕ್ಕದಿಂದ ಹೋದೀತೇ ಹೊರತು ಊರಿನೊಳಗೆ ಬರಲಾರದು.

ಊರಿಗೆ ರೈಲಿಲ್ಲದಿದ್ದರೆ ಏನು ಮಹಾ ಎಂದು ಈಗಿನ ಕಾಲದಲ್ಲಿ ಕೇಳಬಹುದು. ರಸ್ತೆ ಇದೆ, ಬಸ್ಸಿದೆ, ಜೀಪಿದೆ. ನಿಜ. ಆದರೆ ದಸರಾ, ದೀಪಾವಳಿ ಮುಗಿದ ಮೇಲೆ ಆ ಭಾಗದ ತಾಂಡಾಗಳಿಂದ ಕಬ್ಬು ಕಡಿಯಲು ಹೊರಡುವ ಲಾರಿಗಳನ್ನು ಒಮ್ಮೆ ನೋಡಿ. ಮೇಲೆ ಪಾತ್ರೆ ಪರಡಿ, ಒಲೆ, ಹಾಸಿಗೆಯ ಗಂಟು, ಅದರ ಮೇಲೆ ಮಕ್ಕಳು. ತಿಂಗಳುಗಟ್ಟಲೆ ಶಾಲೆ ಇಲ್ಲ. ರೈಲೊಂದು ಬಂದರೆ ಇದೆಲ್ಲ ಒಂದೇ ದಿನದಲ್ಲಿ ನಿಂತುಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಬೆಳೆಗೆ ಪೇಟೆ, ದುಡಿಮೆಗೆ ಕಾರ್ಖಾನೆ, ಕಡಿಮೆ ದರದಲ್ಲಿ ದೂರದ ಕಾಲೇಜು, ದೊಡ್ಡ ಆಸ್ಪತ್ರೆ ಎಂಬವು ಹಳಿಯ ಪಕ್ಕದ ಊರಿಗೆ ಮೊದಲು ಸಿಗುತ್ತವೆ ಎಂಬುದನ್ನು ತಾಂಡೂರು, ಜಹೀರಾಬಾದಿನ ಪೇಟೆಗಳಲ್ಲಿ ನಡೆದಾಡಿದವರು ಕಣ್ಣಾರೆ ಕಂಡಿದ್ದಾರೆ. ನಾವೂ ಕಂಡೆವು.

ನಮಗೆ ತೋಚಿದ್ದು

ಮನೆಗೆ ಬಂದ ಮೇಲೆ ನಾವು ಈ ಕುರಿತು ಬಹಳ ಮಾತಾಡಿಕೊಂಡೆವು. ವಿಕ್ಟೋರಿಯಾಳ ಕಾಲದ ಇಂಜಿನಿಯರುಗಳನ್ನು ಬೈಯುವುದು ಸುಲಭ. ಅವರು ತಮ್ಮ ಯಜಮಾನರ ಲೆಕ್ಕ ನೋಡಿದರು. ಕಾಗಿಣಾದ ಬದಿಯಲ್ಲಿ ಏರು ಎಷ್ಟು, ಸೇತುವೆಗೆ ಖರ್ಚೆಷ್ಟು ಎಂದು ಕರಾರುವಾಕ್ಕಾಗಿ ಅಳೆದರು. ಆದರೆ ಹಳಿ ಬಾರದ ಊರಿನಲ್ಲಿ ಮುಂದಿನ ಐದು ತಲೆಮಾರು ಏನು ಕಳೆದುಕೊಳ್ಳುತ್ತದೆ ಎಂಬ ಕಾಲಂ ಅವರ ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಸ್ವತಂತ್ರ ದೇಶದ ಪುಸ್ತಕದಲ್ಲಿ ಆ ಕಾಲಂ ಇದೆಯೇ? ಕೇಳುವುದು ನಮ್ಮ ಹಕ್ಕು. 1883ರಲ್ಲಿ ಕೇಳಿದ ಮೇಷ್ಟ್ರು ಊರು ಬಿಡಬೇಕಾಯಿತು. ಇಂದು ನಾವು ಕೇಳಿದರೆ ಯಾರೂ ಗಡೀಪಾರು ಮಾಡುವುದಿಲ್ಲ. ಹಾಗಿದ್ದೂ ಎಷ್ಟು ಜನ ಕೇಳುತ್ತೇವೆ?

ಕೇಳುವಾಗ ಎರಡನ್ನೂ ಕೇಳಬೇಕು. ನಮ್ಮೂರಿಗೆ ಹಳಿ ಯಾವಾಗ ಎಂಬುದು ಒಂದು. ಅದರ ಖರ್ಚು ಎಷ್ಟು, ಯಾರ ಹೊಲದ ಮೇಲೆ, ಯಾವ ಕಾಡಿನ ಮೇಲೆ ಎಂಬುದು ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಿದರೆ ಮ್ಯಾಂಚೆಸ್ಟರಿನ ಗಿರಣಿಯವರಿಗೂ ನಮಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಈ ಸಲ ರಜೆಯಲ್ಲಿ ನಿಮ್ಮ ಮನೆಯ ಹಿರಿಯರನ್ನು ಕೂರಿಸಿ ಒಂದು ಮಾತು ಕೇಳಿ ನೋಡಿ: ನಮ್ಮೂರಿಗೆ ರೈಲು ಯಾವಾಗ ಬಂತು? ಬರುವುದಕ್ಕೆ ಮುಂಚೆ ಮದುವೆ ದಿಬ್ಬಣ ಹೇಗೆ ಹೋಗುತ್ತಿತ್ತು, ರೋಗಿಯನ್ನು ಹೇಗೆ ಸಾಗಿಸುತ್ತಿದ್ದರು? ಅವರ ಬಾಯಲ್ಲಿ ಬರುವ ಕಥೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬರೆದಿಡಿ.

ನಾವು ನಾರಾಯಣಖೇಡದಿಂದ ಹೊರಡುವಾಗ ಆ ಕಾಕಾ ಚಹಾದ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. "ಬೀದರ್ ಕಡಿಯವ್ರು ಅಂದ್ರ ನಮ್ಮವ್ರೇ ಅಲ್ರಿ" ಎಂದರು. ಆಮೇಲೆ ನಮ್ಮ ಹುಡುಗನ ತಲೆ ಸವರಿ ಹೇಳಿದರು: "ನೀ ದೊಡ್ಡಾವ ಆಗಿ ಇಂಜಿನಿಯರ್ ಆದ್ರ ಈ ಕಡಿ ಒಂದ್ ಗೆರಿ ಎಳಿ, ಮರೀಬ್ಯಾಡ."

ಹುಡುಗ ಹೂಂ ಎಂದ. ಬಸ್ಸಿನಲ್ಲಿ ಕೂತ ಮೇಲೆ ಚೀಲದಿಂದ ಪೆನ್ಸಿಲ್ ತೆಗೆದು, ಮಡಚಿದ ನಕ್ಷೆ ಬಿಡಿಸಿ, ಬೋಧನ್‌ನಿಂದ ಬೀದರಿನವರೆಗೆ ಒಂದು ಗೆರೆ ಎಳೆದ. ಆ ನಕ್ಷೆ ಈಗಲೂ ನಮ್ಮ ಮನೆಯಲ್ಲಿದೆ.